ಟೋಪಿಯೊಳಗಿನ ಹೆಸರು ಅಳಿಸಿಹೋಗುವ ಮುನ್ನ

ಊರಿನಲ್ಲಿ ಗುಜರಿ ಎಂದರೆ ತುಕ್ಕು ಹಿಡಿದ ಕಬ್ಬಿಣ, ಹಳೆ ಪೇಪರು, ಒಡೆದ ಬಕೆಟು ತೂಕಕ್ಕೆ ಕೊಳ್ಳುವ ಅಂಗಡಿ. ಉದ್ಯೋಗಕ್ಕೆಂದು ಅಹಮದಾಬಾದಿಗೆ ಬಂದ ಕನ್ನಡಿಗರಿಗೆ ಅದೇ ಪದ ಇನ್ನೊಂದು ಅರ್ಥದಲ್ಲಿ ಪರಿಚಯವಾಗುತ್ತದೆ. ಎಲ್ಲಿಸ್ ಬ್ರಿಜ್‌ ಬಳಿ, ಸಾಬರಮತಿ ದಂಡೆಯಲ್ಲಿ ಪ್ರತಿ ರವಿವಾರ ಸೇರುವ ಗುಜರಿ ಬಜಾರ್ ಈ ಮಹಾನಗರದ ಹಳೆಯ ಸಂತೆ. ಮಂಚ, ಹೊಲಿಗೆ ಯಂತ್ರ, ಹಿತ್ತಾಳೆ ಪಾತ್ರೆ, ಹಳೆಯ ಪುಸ್ತಕ, ಎಲ್ಲವೂ ಅಲ್ಲಿ ಸಿಗುತ್ತವೆ. ಇಂತಹ ಸಂತೆಗಳಲ್ಲಿ, ಬರೋಡ ಮತ್ತು ಸೂರತ್‌ನ ಹಳೆ ಸಾಮಾನಿನ ಅಂಗಡಿಗಳಲ್ಲಿ ಅಪರೂಪಕ್ಕೊಮ್ಮೆ ಕಣ್ಣಿಗೆ ಬೀಳುವ ಇನ್ನೊಂದು ವಸ್ತು, ಸೇನಾಧಿಕಾರಿಗಳ ಹಳೆಯ ಟೋಪಿ.

ಅಂಚೆಚೀಟಿ, ನಾಣ್ಯ ಸಂಗ್ರಹದಂತೆ ಇದೂ ಒಂದು ಹವ್ಯಾಸವಾಗಿ ಬೆಳೆದಿದೆ. ಎರಡನೇ ಮಹಾಯುದ್ಧದ ಕಾಲದ ಪೀಕ್ ಕ್ಯಾಪ್‌ಗೆ, ಹಳೆಯ ನೌಕಾಪಡೆಯ ಬಿಳಿ ಟೋಪಿಗೆ ಒಳ್ಳೆಯ ಬೆಲೆ ಕೊಡುವವರಿದ್ದಾರೆ. ಹವ್ಯಾಸದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಟೋಪಿ ಕೊಂಡವನ ಮೊದಲ ಕರ್ತವ್ಯ ಅದನ್ನು ಧರಿಸಿದ್ದವರು ಯಾರು ಎಂದು ಪತ್ತೆ ಹಚ್ಚುವುದು, ಮನೆಯಲ್ಲಿ ಟೋಪಿ ಇಟ್ಟುಕೊಂಡವರ ಮೊದಲ ಕರ್ತವ್ಯ ಆ ಹೆಸರನ್ನು ಇಂದೇ ಬರೆದಿಡುವುದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಎರಡು ಕೆಲಸಗಳ ನಡುವೆ ಸೇತುವೆಯಾಗಲು ನಮ್ಮ ಹೊರನಾಡ ಕನ್ನಡ ಸಂಘಗಳಿಗಿಂತ ಯೋಗ್ಯ ಸಂಸ್ಥೆ ಬೇರೊಂದಿಲ್ಲ.

ನಮಗೂ ಟೋಪಿಗೂ ಏನು ಸಂಬಂಧ?

ಹೋಟೆಲು, ಬ್ಯಾಂಕು, ತೈಲ ಕಂಪೆನಿಗಳ ಕನ್ನಡಿಗರಿಗೆ ಸೈನ್ಯದ ಟೋಪಿಯಿಂದ ಆಗಬೇಕಾದ್ದೇನು ಎಂದು ಕೆಲವರು ಕೇಳಬಹುದು. ಸಂಬಂಧವಿದೆ. ಬರೋಡದಲ್ಲಿ ಇಎಂಇ ಶಾಲೆಯಿದೆ, ವಾಯುಪಡೆಯ ನೆಲೆಯಿದೆ. ಗಾಂಧಿನಗರದಲ್ಲಿ ವಾಯುಪಡೆಯ ನೈಋತ್ಯ ಕಮಾಂಡಿನ ಕೇಂದ್ರ ಕಚೇರಿಯಿದೆ. ಅಹಮದಾಬಾದಿನ ದಂಡುಪ್ರದೇಶ ಎಲ್ಲರಿಗೂ ಗೊತ್ತು. ಇಲ್ಲಿಗೆ ವರ್ಗವಾಗಿ ಬಂದ ಅಧಿಕಾರಿಗಳು ರಾಜ್ಯೋತ್ಸವಕ್ಕೆ ಬಂದು ನಮ್ಮೊಡನೆ ಊಟ ಮಾಡಿ ಹೋದವರು. ನಿವೃತ್ತಿಯ ಬಳಿಕ ಇಲ್ಲೇ ಮನೆ ಕಟ್ಟಿ ನಿಂತವರೂ ಇದ್ದಾರೆ.

ಇನ್ನೊಂದು ವರ್ಗವನ್ನು ನಾವು ಮರೆತೇ ಬಿಟ್ಟಿದ್ದೇವೆ. 1962ರ ಚೀನಾ ಯುದ್ಧದ ನಂತರ ಸೈನ್ಯವು ಅನೇಕ ಯುವಕರಿಗೆ ತುರ್ತು ಕಮಿಷನ್ ನೀಡಿತು. ಅವರಲ್ಲಿ ಬಹಳ ಮಂದಿ ಕೆಲವೇ ವರ್ಷ ಸೇವೆ ಸಲ್ಲಿಸಿ, ನಾಗರಿಕ ಉದ್ಯೋಗಕ್ಕೆ ಮರಳಿದರು. ಅಂಥವರನ್ನು ಸುತ್ತಲಿನವರು ಬ್ಯಾಂಕ್ ಮ್ಯಾನೇಜರ್ ಎಂದೋ ಕಂಪೆನಿಯ ಅಧಿಕಾರಿ ಎಂದೋ ಗುರುತಿಸಿದರೇ ಹೊರತು, ಟ್ರಂಕಿನಲ್ಲಿ ಒಂದು ಟೋಪಿ ಇದೆ ಎಂದು ಮೊಮ್ಮಕ್ಕಳಿಗೂ ತಿಳಿದಿರಲಿಕ್ಕಿಲ್ಲ.

ಜನ್ಮಭೂಮಿ ಮತ್ತು ಕರ್ಮಭೂಮಿಯ ನಂಟು ಇದಕ್ಕಿಂತ ದೊಡ್ಡದು. 1949ರ ಜನವರಿ 15ರಂದು ಭಾರತದ ಸೈನ್ಯದ ಮೊದಲ ಭಾರತೀಯ ದಂಡನಾಯಕರಾಗಿ ಅಧಿಕಾರ ಸ್ವೀಕರಿಸಿದವರು ನಮ್ಮ ಕೊಡಗಿನ ಕೆ. ಎಂ. ಕಾರ್ಯಪ್ಪನವರು. ನಾಲ್ಕು ವರ್ಷಗಳ ನಂತರ, 1953ರ ಜನವರಿಯಲ್ಲಿ, ಅವರಿಂದ ಆ ಹುದ್ದೆಯನ್ನು ವಹಿಸಿಕೊಂಡವರು ಕಾಠಿಯಾವಾಡದ ರಾಜೇಂದ್ರಸಿಂಹಜಿ ಜಾಡೇಜಾ. ಫೀಲ್ಡ್ ಮಾರ್ಷಲ್ ಪದವಿಗೇರಿದ ಇಬ್ಬರೇ ಸೇನಾನಿಗಳಲ್ಲಿ ಒಬ್ಬರು ಕಾರ್ಯಪ್ಪ. ಇನ್ನೊಬ್ಬರಾದ ಮಾಣೆಕ್ ಷಾ ಅವರು ಹುಟ್ಟಿದ್ದು ಅಮೃತಸರದಲ್ಲಾದರೂ ಅವರ ಹಿರಿಯರ ಊರು ಸೂರತ್‌ನಿಂದ ದಕ್ಷಿಣಕ್ಕಿರುವ ವಲ್ಸಾಡ್. ಹೀಗೆ ಕರ್ನಾಟಕ ಮತ್ತು ಗುಜರಾತ್ ಈ ಇತಿಹಾಸದಲ್ಲಿ ಅಕ್ಕಪಕ್ಕ ಕುಳಿತಿವೆ. ಅದರ ಕುರುಹುಗಳನ್ನು ಕಾಯುವ ಹೊಣೆ ಎರಡೂ ಕಡೆಯ ನೀರು ಕುಡಿದ ನಮ್ಮದಲ್ಲದೆ ಮತ್ತಾರದು?

ಟೋಪಿಯನ್ನು ಓದುವ ಬಗೆ

ತಲೆಗೆ ತೊಡುವ ವಸ್ತುವಿಗೆ ನಮ್ಮಲ್ಲಿ ವಿಶೇಷ ಮರ್ಯಾದೆ. ವಾರ್ಷಿಕೋತ್ಸವದಲ್ಲಿ ಅತಿಥಿಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸದಿದ್ದರೆ ಸನ್ಮಾನ ಪೂರ್ಣವಾಯಿತೆಂದು ನಮಗನಿಸುವುದಿಲ್ಲ. ಸೈನ್ಯದಲ್ಲೂ ಟೋಪಿ ಬರೀ ಬಿಸಿಲಿಗಲ್ಲ. ಪ್ಯಾರಾಶೂಟ್ ರೆಜಿಮೆಂಟಿನವರ ಕಂದುಗೆಂಪು ಬೆರೆ ಟೋಪಿ, ಟ್ಯಾಂಕ್ ದಳದ ಕಪ್ಪು ಬೆರೆ, ಗೂರ್ಖಾ ದಳದ ಅಗಲ ಅಂಚಿನ ಹ್ಯಾಟು ಇವೆಲ್ಲ ನೋಡಿದ ಕೂಡಲೇ ಮನೆತನ ಹೇಳುತ್ತವೆ. ಈ ಅಭಿಮಾನ ಎಷ್ಟು ಗಾಢವೆಂದರೆ, ಹಿರಿಯ ಅಧಿಕಾರಿಗಳು ರೆಜಿಮೆಂಟಿನ ಎಲ್ಲೆ ಮೀರಿ ಒಂದೇ ಸಮನಾಗಿ ಕಾಣಬೇಕೆಂದು ಸೈನ್ಯವೇ ನಿರ್ಧರಿಸಿ, 2023ರ ಆಗಸ್ಟ್ 1ರಿಂದ ಬ್ರಿಗೇಡಿಯರ್ ಮತ್ತು ಅದಕ್ಕಿಂತ ಮೇಲಿನವರಿಗೆಲ್ಲ ಒಂದೇ ಬಗೆಯ ಟೋಪಿ, ಬ್ಯಾಜ್, ಬೆಲ್ಟು, ಬೂಟು ನಿಗದಿಪಡಿಸಿತು.

ಹಳೆಯ ಟೋಪಿಯ ಕಾಲ ತಿಳಿಯಲು ಮೊದಲು ನೋಡಬೇಕಾದ್ದು ಬ್ಯಾಜ್. ಕಿರೀಟವಿದ್ದರೆ ಅದು ಬ್ರಿಟಿಷರ ಕಾಲದ ಮಾದರಿ. 1950ರ ಜನವರಿ 26ರಂದು ದೇಶ ಗಣರಾಜ್ಯವಾದಾಗ ಕಿರೀಟದ ಜಾಗಕ್ಕೆ ಅಶೋಕನ ಸಿಂಹಗಳು ಬಂದವು. ನೌಕಾಪಡೆಗೆ 1934ರಲ್ಲಿ ಬಂದ ರಾಯಲ್ ಇಂಡಿಯನ್ ನೇವಿ ಎಂಬ ಹೆಸರೂ ಅದೇ ದಿನ ಹೋಯಿತು. ಕಣ್ಣಿನ ಮೇಲೆ ಚಾಚಿದ ಅಂಚಿನಲ್ಲಿ ಬಂಗಾರದ ಕಸೂತಿಯಿದ್ದರೆ ಧರಿಸಿದವರು ಹಿರಿಯ ದರ್ಜೆಯವರು. ಒಳಗೆ, ನೆತ್ತಿಯ ಭಾಗದಲ್ಲಿ, ತಯಾರಕರ ಹೆಸರು ಮತ್ತು ಊರು ಅಚ್ಚಾಗಿರುವುದುಂಟು.

ಆದರೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಹಣೆಗೆ ತಾಗುವ ಒಳಗಿನ ಚರ್ಮದ ಪಟ್ಟಿ. ಮೆಸ್‌ನಲ್ಲಿ ಹತ್ತಾರು ಟೋಪಿಗಳು ಸಾಲಾಗಿ ನೇತಾಡುವಾಗ ಅದಲುಬದಲಾಗದಿರಲಿ ಎಂದು ಅಧಿಕಾರಿಗಳು ಆ ಪಟ್ಟಿಯ ಹಿಂದೆ ಹೆಸರೋ, ಸಂಖ್ಯೆಯೋ ಶಾಯಿಯಲ್ಲಿ ಬರೆದುಕೊಳ್ಳುತ್ತಿದ್ದರು. ಸೇನಾಧಿಕಾರಿಯ ಸಂಖ್ಯೆ ಐಸಿ ಎಂದು ಆರಂಭವಾದರೆ ಖಾಯಂ ಕಮಿಷನ್, ಇಸಿ ಎಂದಿದ್ದರೆ ತುರ್ತು ಕಮಿಷನ್. ಮಾಲೀಕರ ಮನೆ ಬಾಗಿಲಿಗೆ ಹೋಗುವ ದಾರಿ ಆರಂಭವಾಗುವುದು ಇಲ್ಲಿಂದ.

ದುರದೃಷ್ಟವೆಂದರೆ ಮೊದಲು ಹಾಳಾಗುವುದೂ ಅದೇ ಪಟ್ಟಿ. ಬೆವರು ಹೀರಿ ಕಪ್ಪಾದ ಚರ್ಮ ಗಿರಾಕಿಗೆ ಹಿಡಿಸುವುದಿಲ್ಲವೆಂದು ವ್ಯಾಪಾರಿ ಅದನ್ನು ಕಿತ್ತೆಸೆದಿರುತ್ತಾನೆ. ಹೀಗೆ ಒಳಪಟ್ಟಿಯಿಲ್ಲದ ನೌಕಾಪಡೆಯ ಟೋಪಿಯೊಂದನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಕ್ಲೀನ್ ಮಾಡಿದ್ದೇನೆ ಸಾಹೇಬ್ ಎಂದು ಮಾರುವವನು ಹೆಮ್ಮೆಯಿಂದಲೇ ಹೇಳಿದ. ಅವನನ್ನು ದೂರಿ ಫಲವಿಲ್ಲ. ಆ ಟೋಪಿ ಯಾವುದೋ ಮನೆಯ ಅಟ್ಟದಿಂದ ತೂಕದ ಲೆಕ್ಕದಲ್ಲಿ ಇಳಿದು ಬಂದದ್ದು. ಕೊಟ್ಟವರಿಗೇ ಬೇಡವಾದ ಹೆಸರು ಕೊಂಡವನಿಗೆ ಯಾಕೆ ಬೇಕು?

ಪದಕಕ್ಕೆ ಹೆಸರಿದೆ, ಟೋಪಿಗಿಲ್ಲ

ಹೆಸರೊಂದು ಉಳಿದರೆ ಏನಾಗಬಹುದು ಎಂಬುದಕ್ಕೆ ಕರ್ನಾಟಕದ ನೆಲಕ್ಕೇ ಸೇರಿದ ಒಂದು ಉದಾಹರಣೆಯಿದೆ. 1945ರ ಸೆಪ್ಟೆಂಬರ್ 12ರಂದು ಗೌರಿಬಿದನೂರು ಸಮೀಪದ ತೊಂಡೇಭಾವಿಯಲ್ಲಿ ಸೈನಿಕರ ತರಬೇತಿ ನಡೆಯುತ್ತಿದ್ದಾಗ ಗ್ರೆನೇಡೊಂದು ಗುರಿ ತಪ್ಪಿ ಸಹಚರರ ಬಳಿ ಬಿತ್ತು. ಹಿಮಾಚಲದ ನಾಯಕ್ ಕಿರಪಾರಾಮ್ ಅದನ್ನು ಎತ್ತಿ ದೂರ ಎಸೆಯಲು ಧಾವಿಸಿ, ತಮ್ಮ ಪ್ರಾಣ ಕೊಟ್ಟು ಉಳಿದವರನ್ನು ಕಾಪಾಡಿದರು. ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಸಂದಿತು. 2002ರಲ್ಲಿ ಆ ಪದಕ ಅವರ ಪತ್ನಿಯ ಮನೆಯಿಂದ ಕಳವಾಯಿತು. 2009ರಲ್ಲಿ ಅದು ಲಂಡನ್ನಿನ ಹರಾಜಿನಲ್ಲಿ ಕಾಣಿಸಿಕೊಂಡಾಗ ಮಾರಾಟ ನಿಂತಿತು. ದೀರ್ಘ ಹೋರಾಟದ ನಂತರ ಪದಕ ಆ ವೃದ್ಧೆಯ ಕೈಸೇರಿತು.

ಇದು ಸಾಧ್ಯವಾದದ್ದು ಹೇಗೆ? ಪದಕದ ಮೇಲೆ ಹೆಸರಿತ್ತು. ನಮ್ಮ ದೇಶದ ಸೇನಾ ಪದಕಗಳ ಅಂಚಿನಲ್ಲಿ ಸಂಖ್ಯೆ, ದರ್ಜೆ, ಹೆಸರುಗಳನ್ನು ಕೆತ್ತುವ ಪದ್ಧತಿಯಿದೆ. ಎರಡನೇ ಮಹಾಯುದ್ಧದ ಪದಕಗಳನ್ನು ಬ್ರಿಟನ್ ತನ್ನ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟಾಗಲೂ ಭಾರತೀಯ ಸೈನಿಕರ ಪದಕಗಳಲ್ಲಿ ಹೆಸರು ಇತ್ತು. ಟೋಪಿಗೆ ಅಂತಹ ಭಾಗ್ಯವಿಲ್ಲ. ಅದನ್ನು ಕಳೆದುಕೊಂಡ ಮನೆಯವರು ನಾಳೆ ಎಲ್ಲಾದರೂ ಕಂಡರೂ ಇದು ನಮ್ಮದು ಎಂದು ಸಾಧಿಸುವಂತಿಲ್ಲ. ಶಾಯಿಯ ಒಂದು ಗೆರೆ ಹೋದರೆ ಎಲ್ಲವೂ ಹೋಯಿತು.

ಹೆಸರು ಗೊತ್ತಿದ್ದ ಟೋಪಿಗೂ ಕಾಗದ ಬೇಕು. ನೇತಾಜಿ ಸುಭಾಷ್‌ಚಂದ್ರ ಬೋಸರನ್ನು ಸೂರತ್ ಕನ್ನಡಿಗರಿಗೆ ಪರಿಚಯಿಸಬೇಕಿಲ್ಲ. 1938ರ ಫೆಬ್ರವರಿಯಲ್ಲಿ ಅವರು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ ಹರಿಪುರ ಇರುವುದು ಸೂರತ್ ಜಿಲ್ಲೆಯಲ್ಲೇ. ಅವರ ಟೋಪಿಯೊಂದನ್ನು 2019ರ ಜನವರಿಯಲ್ಲಿ ಬೋಸ್ ಕುಟುಂಬದವರು ಪ್ರಧಾನಿಯವರಿಗೆ ನೀಡಿದರು, ಅದು ಕೆಂಪುಕೋಟೆಯ ವಸ್ತುಸಂಗ್ರಹಾಲಯ ಸೇರಿತು. 2021ರಲ್ಲಿ ಟೋಪಿ ಅಲ್ಲಿ ಕಾಣುತ್ತಿಲ್ಲವೆಂದು ಗುಲ್ಲೆದ್ದಿತು. ಕೊಲ್ಕತ್ತಾದ ವಿಕ್ಟೋರಿಯಾ ಮೆಮೋರಿಯಲ್‌ನಲ್ಲಿ ಪ್ರದರ್ಶನಕ್ಕೆ ಎರವಲು ಕೊಡಲಾಗಿದೆ ಎಂದು ಪುರಾತತ್ವ ಇಲಾಖೆ ದಾಖಲೆಯ ಆಧಾರದಲ್ಲಿ ಸ್ಪಷ್ಟಪಡಿಸಿತು. ನೇತಾಜಿಯವರ ಟೋಪಿ ಎಲ್ಲಿದೆ ಎಂದು ಹೇಳುವುದಕ್ಕೇ ಒಂದು ಕಾಗದ ಬೇಕಾಯಿತೆಂದ ಮೇಲೆ, ನಮ್ಮ ನೆರೆಮನೆಯ ನಿವೃತ್ತ ಮೇಜರರ ಟೋಪಿಯ ಪಾಡೇನು?

ಇನ್ನೂ ದುಃಖದ ಸಂಗತಿಯೊಂದಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕದನದಲ್ಲಿ ಜೋಧಪುರದ ಸವಾರರೊಡನೆ ನಮ್ಮ ಮೈಸೂರು ಲ್ಯಾನ್ಸರ್ಸ್ ಪಡೆಯೂ ಹೋರಾಡಿತು. ಅವರು ತೊಟ್ಟಿದ್ದು ರುಮಾಲು. ರುಮಾಲು ಬಿಚ್ಚಿದರೆ ಬರೀ ಬಟ್ಟೆ. ಆಮೇಲೆ ಅದು ತೊಟ್ಟಿಲ ಹಾಸೋ, ಪಾತ್ರೆ ಒರೆಸುವ ಅರಿವೆಯೋ ಆಗಿ ಮುಗಿಯುತ್ತದೆ. ಬೆಂಗಳೂರಿನ ಜೆ. ಸಿ. ನಗರದ ಸ್ಮಾರಕಸ್ತಂಭ ಆ ಪಡೆಯನ್ನು ನೆನಪಿಸುತ್ತದೆ ನಿಜ. ಆದರೆ ಸಂಗ್ರಹಕಾರರ ಕಪಾಟಿನಲ್ಲಿ ಉಳಿಯುವುದು ಹೆಚ್ಚಾಗಿ ಪೀಕ್ ಕ್ಯಾಪ್‌ಗಳೇ. ಉಳಿದ ಇಷ್ಟನ್ನಾದರೂ ಅನಾಥವಾಗಲು ಬಿಡಬಾರದು.

ಆಕ್ಷೇಪಗಳಿಗೆ ಉತ್ತರ

ಸಂಗ್ರಹಕಾರರ ಮಾತಿನಲ್ಲೂ ಹುರುಳಿದೆ. ನಾವು ಕೊಳ್ಳದಿದ್ದರೆ ಅದು ಕಸಕ್ಕೆ ಹೋಗುತ್ತಿತ್ತು ಎನ್ನುತ್ತಾರೆ ಅವರು. ಒಪ್ಪಬೇಕಾದ್ದೇ. ಹಣ ಕೊಟ್ಟು ಕೊಂಡದ್ದನ್ನು ವಾರಸುದಾರರಿಗೆ ಬಿಟ್ಟುಕೊಡಿ ಎಂದು ನಾನು ಹೇಳುತ್ತಿಲ್ಲ. ಕಳವಿನ ಮಾಲಾಗಿದ್ದರೆ ಮಾತು ಬೇರೆ. ಉಳಿದಂತೆ, ಮನೆಯವರನ್ನು ಪತ್ತೆ ಮಾಡಿ ವಿಷಯ ತಿಳಿಸಿದರೆ ಸಾಕು. ಕೆಲವರು ಬೆಲೆ ತೆತ್ತು ಮರಳಿ ಪಡೆಯಲು ಮುಂದಾಗಬಹುದು, ಕೆಲವರು ನಿಮ್ಮಲ್ಲೇ ಇರಲಿ ಎಂದು ಒಂದು ಫೋಟೋ, ನಾಲ್ಕು ಮಾತು ಕೊಟ್ಟು ಹರಸಬಹುದು. ಎರಡರಲ್ಲೂ ಟೋಪಿಗೆ ಹೆಸರು ಸಿಕ್ಕಂತಾಯಿತು.

ಎಲ್ಲ ಮನೆಗಳೂ ಈ ಹುಡುಕಾಟವನ್ನು ಸ್ವಾಗತಿಸುವುದಿಲ್ಲ ಎಂಬುದು ಎರಡನೇ ಆಕ್ಷೇಪ. ಆಸ್ತಿ ಪಾಲಿನ ಜಗಳದಲ್ಲಿ, ಸಾವಿನ ದುಃಖದಲ್ಲಿ ವಸ್ತುಗಳನ್ನು ಹೊರಹಾಕಿದ ಮನೆಗಳಿರುತ್ತವೆ. ಅಂಥಲ್ಲಿ ಅಪರಿಚಿತನೊಬ್ಬ ಫೋನು ಮಾಡಿ ನಿಮ್ಮ ತಂದೆಯವರ ಟೋಪಿ ಸಂತೆಯಲ್ಲಿ ಸಿಕ್ಕಿತು ಎಂದರೆ ಮನಸ್ಸಿಗೆ ಘಾಸಿಯಾದೀತು. ಆದ್ದರಿಂದಲೇ ಈ ಕೆಲಸಕ್ಕೆ ಸಂಘದಂತಹ ಮಧ್ಯಸ್ಥರು ಬೇಕು. ಪರಿಚಿತ ಹಿರಿಯರೊಬ್ಬರು ಮೊದಲು ಮಾತನಾಡಲಿ. ಬೇಡವೆಂದರೆ ಅಲ್ಲಿಗೇ ಬಿಡಬೇಕು. ಅಧಿಕಾರಿಯ ಹೆಸರು, ಸಂಖ್ಯೆ, ವಿಳಾಸಗಳನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿಯಬಿಡುವುದಂತೂ ಸಲ್ಲದು.

ಮೂರನೆಯದು ನಕಲಿಯ ಕಾಟ. ಒಬ್ಬರ ಟೋಪಿಗೆ ಇನ್ನೊಬ್ಬರ ಬ್ಯಾಜ್ ಚುಚ್ಚಿ, ಯುದ್ಧಕಾಲದ್ದೆಂದು ಮಾರುವವರಿದ್ದಾರೆ. ಕನ್ನಡದಲ್ಲಿ ಟೋಪಿ ಹಾಕುವುದು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು! ಅದಕ್ಕೂ ಮದ್ದು ಒಂದೇ, ಮೂಲ ಮಾಲೀಕರ ಪತ್ತೆ. ಇಂಥ ಮನೆಯಿಂದ, ಇಂಥವರಿಂದ ಬಂದದ್ದು ಎಂಬ ಬರಹವಿದ್ದ ಟೋಪಿಯನ್ನು ನಕಲು ಮಾಡುವುದು ಕಷ್ಟ.

ಕಾನೂನಿನ ಮಾತನ್ನೂ ಇಲ್ಲಿ ಹೇಳಿಬಿಡುವುದು ಒಳಿತು. ಟೋಪಿ ಸಂಗ್ರಹಿಸುವುದು ಬೇರೆ, ಅದನ್ನು ತೊಟ್ಟು ಸೈನಿಕನಂತೆ ನಂಬಿಸುವುದು ಬೇರೆ. ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಂತೆ ಎರಡನೆಯದು ಮೂರು ತಿಂಗಳವರೆಗೆ ಸಜೆ ಅಥವಾ ದಂಡಕ್ಕೆ ಗುರಿಯಾಗುವ ಅಪರಾಧ. ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಅವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ವಿದೇಶದಲ್ಲಿರುವ ಮಕ್ಕಳಿಗೆ ಅಜ್ಜನ ಅಜ್ಜನ ನೆನಪಿನ ವಸ್ತು ಕಳಿಸಬೇಕೆಂದಿರುವವರು ಇದನ್ನು ಗಮನಿಸಬೇಕು.

ಹುಡುಕುವುದು ಎಲ್ಲಿ?

ಹೆಸರಿನ ಅರ್ಧ ತುಣುಕು ಸಿಕ್ಕರೂ ದಾರಿಗಳಿವೆ. ಸ್ವಾತಂತ್ರ್ಯಪೂರ್ವದ ಅಧಿಕಾರಿಯಾಗಿದ್ದರೆ ಹಳೆಯ ಇಂಡಿಯನ್ ಆರ್ಮಿ ಲಿಸ್ಟ್ ಪುಸ್ತಕಗಳಲ್ಲಿ ಹಾಗೂ ಲಂಡನ್ ಗೆಜೆಟ್‌ನಲ್ಲಿ ಹುಡುಕಬಹುದು. ಗೆಜೆಟ್ ಇಂದು ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಲಭ್ಯ. ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿ 1932ರಲ್ಲಷ್ಟೇ ಆರಂಭವಾಯಿತು. ಅದಕ್ಕೆ ಮುಂಚೆ ಕಮಿಷನ್ ಪಡೆದ ಭಾರತೀಯರು ಬಹಳ ಕಡಿಮೆ. ಹಾಗಾಗಿ ಅಂದಿನ ಭಾರತೀಯ ಅಧಿಕಾರಿಯನ್ನು ಗುರುತಿಸುವುದು ಎಣಿಸಿದಷ್ಟು ಕಷ್ಟವಲ್ಲ. ಯುದ್ಧಗಳಲ್ಲಿ ಮಡಿದವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಿದೆ. ಸ್ವಾತಂತ್ರ್ಯಾನಂತರದ ಅಧಿಕಾರಿಗಳ ನೇಮಕ, ಬಡ್ತಿಗಳು ಭಾರತ ಸರಕಾರದ ಗೆಜೆಟ್‌ನಲ್ಲಿ ರಕ್ಷಣಾ ಸಚಿವಾಲಯದ ವಿಭಾಗದಲ್ಲಿ ಪ್ರಕಟವಾಗುತ್ತವೆ.

ರೆಜಿಮೆಂಟ್ ತಿಳಿದರೆ ಅದರ ಕೇಂದ್ರಕ್ಕೆ ಪತ್ರ ಬರೆಯಬಹುದು. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಬೆಳಗಾವಿಯಲ್ಲಿದೆ, ಮದ್ರಾಸ್ ಸ್ಯಾಪರ್ಸ್ ಮತ್ತು ಪ್ಯಾರಾಶೂಟ್ ರೆಜಿಮೆಂಟ್‌ಗಳದ್ದು ಬೆಂಗಳೂರಿನಲ್ಲಿ. ಕುಟುಂಬ ಕರ್ನಾಟಕದ್ದಾದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗಳ ನೆರವು ಕೇಳಬಹುದು. ಕಚೇರಿಗಳು ವಿಳಾಸವನ್ನು ನೇರವಾಗಿ ಕೊಡಲಾರವು, ಕೊಡಲೂ ಬಾರದು. ಆದರೆ ನಮ್ಮ ಪತ್ರವನ್ನು ಮನೆಯವರಿಗೆ ತಲುಪಿಸಿ ಎಂದು ವಿನಂತಿಸಲು ಅಡ್ಡಿಯಿಲ್ಲ.

ತಡವಾದರೂ ಸತ್ಯ ಸಿಗುತ್ತದೆ ಎಂಬುದಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಉದಾಹರಣೆ ಸಾಕು. 1965ರ ಸೆಪ್ಟೆಂಬರ್ 7ರಂದು ಸರಗೋಧಾ ದಾಳಿಗೆ ಹೋದ ಅವರು ಮರಳಲಿಲ್ಲ. ತಮ್ಮ ಮಿಸ್ಟೇರ್ ವಿಮಾನದಿಂದ ಅವರು ಶತ್ರುವಿನ ಅತಿವೇಗದ ಸ್ಟಾರ್‌ಫೈಟರ್ ಅನ್ನು ಉರುಳಿಸಿದ್ದು ನಮ್ಮವರಿಗೆ ತಿಳಿದದ್ದು ಬಹಳ ವರ್ಷಗಳ ನಂತರ, ವಿದೇಶಿ ಲೇಖಕರೊಬ್ಬರು ಪಾಕಿಸ್ತಾನದ ಕಡೆಯ ಮಾಹಿತಿ ಕಲೆಹಾಕಿ ಬರೆದ ಪುಸ್ತಕದಿಂದ. 23 ವರ್ಷಗಳ ಬಳಿಕ, 1988ರಲ್ಲಿ, ಅವರಿಗೆ ಮಹಾವೀರ ಚಕ್ರ ಸಂದಿತು. ಎಲ್ಲೋ ಒಬ್ಬರು ಕೇಳಿದರು, ಬರೆದರು. ಹಾಗಾಗಿ ವೀರನ ಹೆಸರು ಅದರ ಜಾಗಕ್ಕೆ ಬಂತು.

ಸಂಘಗಳು ಮಾಡಬಹುದಾದ್ದು

ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್ ಒಂದು ಕಾಲಕ್ಕೆ ಸಾರಿಗೆ ಕಚೇರಿಯಾಗಿತ್ತು. ಅದನ್ನು ವಸ್ತುಸಂಗ್ರಹಾಲಯವಾಗಿ ಮಾರ್ಪಡಿಸಿ, 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದರು ಉದ್ಘಾಟಿಸಿದರು. ದೊಡ್ಡವರ ಮನೆಗೆ ಸರಕಾರ ಬರುತ್ತದೆ. ಕ್ಯಾಪ್ಟನ್, ಮೇಜರ್ ಆಗಿ ನಿವೃತ್ತರಾದವರ ಟ್ರಂಕಿಗೆ ಬರುವವರು ಗುಜರಿಯವರು ಮಾತ್ರ. ಆ ನಡುವಿನ ಜಾಗದಲ್ಲಿ ಸಂಘ ನಿಲ್ಲಬೇಕು.

ದೊಡ್ಡ ಖರ್ಚಿನ ಯೋಜನೆಯೇನೂ ಬೇಡ. ಅಹಮದಾಬಾದ್, ಬರೋಡ, ಸೂರತ್‌ನ ಸಂಘಗಳು ಒಂದೊಂದು ಪುಟದ ನಮೂನೆ ತಯಾರಿಸಲಿ. ಧರಿಸಿದವರ ಹೆಸರು, ಊರು, ಪಡೆ, ಸೇವೆಯ ವರ್ಷಗಳು, ಟೋಪಿ ಯಾವಾಗಿನದು, ಈಗ ಯಾರಲ್ಲಿದೆ, ಮುಂದೆ ಯಾರಿಗೆ ಸಲ್ಲಬೇಕು, ಇಷ್ಟೇ ಪ್ರಶ್ನೆಗಳು. ಒಂದು ಪ್ರತಿ ಟೋಪಿಯ ಜತೆ, ಒಂದು ಮನೆಯವರಲ್ಲಿ, ಒಂದು ಸಂಘದ ಕಪಾಟಿನಲ್ಲಿ ಇರಲಿ. ಯುವ ವಿಭಾಗದವರು ಹಿರಿಯರ ಮನೆಗೆ ಹೋಗಿ ಟೋಪಿಯ ಹೊರಗೂ ಒಳಗೂ ಫೋಟೋ ತೆಗೆಯಲಿ. ಮಹಿಳಾ ವಿಭಾಗದವರು ಅಧಿಕಾರಿಗಳ ಪತ್ನಿಯರೊಡನೆ ಮಾತನಾಡಲಿ, ಏಕೆಂದರೆ ಯಾವ ಊರಲ್ಲಿ ಯಾವ ವರ್ಷ ಎಂಬುದು ಗಂಡಸರಿಗಿಂತ ಅವರಿಗೆ ಚೆನ್ನಾಗಿ ನೆನಪಿರುತ್ತದೆ. ನಿಗೂಢ ಟೋಪಿ ಕೊಂಡ ಸಂಗ್ರಹಕಾರರು, ಅವರು ಗುಜರಾತಿಗಳೇ ಆಗಿರಲಿ, ಕನ್ನಡದ ಹೆಸರು ಕಂಡರೆ ಸಂಘವನ್ನು ಸಂಪರ್ಕಿಸುವಂತೆ ಗುಜರಾತಿಯಲ್ಲೂ ಒಂದು ಪ್ರಕಟಣೆ ಹೊರಡಲಿ. ಒಂದು ಹೆಸರು, ಮನೆತನ ಕಂಡ ಕೂಡಲೇ ಇದು ಕೊಡಗಿನದೋ, ಬಂಟರದೋ, ಉತ್ತರ ಕನ್ನಡದ್ದೋ ಎಂದು ಊಹಿಸಬಲ್ಲವರು ನಾವೇ. ಇಲ್ಲಿನ ವ್ಯಾಪಾರಿಗೆ ಆ ಹೆಸರು ಬರೀ ಅಕ್ಷರ.

ಇದಕ್ಕೆ ದಿನವೂ ಸಿದ್ಧವಾಗಿದೆ. ಕಾರ್ಯಪ್ಪನವರು ಅಧಿಕಾರ ವಹಿಸಿಕೊಂಡ ಜನವರಿ 15ನ್ನು ದೇಶ ಸೇನಾ ದಿನವಾಗಿ ಆಚರಿಸುತ್ತದೆ. ಗುಜರಾತಿನಲ್ಲಿ ಅಂದು ವಾಸಿ ಉತ್ತರಾಯಣ. ಊರಿಗೆ ಊರೇ ಗಾಳಿಪಟ ಹಿಡಿದು ಮಾಳಿಗೆ ಏರಿರುವಾಗ ಸಭಾಗೃಹಕ್ಕೆ ಯಾರೂ ಬರಲಾರರು. ಅದರ ಮುಂದಿನ ರವಿವಾರ ಆಗಬಹುದು. ಭಾಷಣ, ಹಾರ ತುರಾಯಿ ಕಡಿಮೆಯಿರಲಿ. ಮೇಜಿನ ಮೇಲೆ ಟೋಪಿಗಳಿರಲಿ, ಪ್ರತಿ ಟೋಪಿಯ ಪಕ್ಕ ಒಂದು ಹೆಸರಿರಲಿ, ಸಾಧ್ಯವಾದರೆ ಆ ಹೆಸರಿನವರೇ ಕುರ್ಚಿ ಹಾಕಿ ಕುಳಿತಿರಲಿ. ಮಕ್ಕಳು ಬಂದು ಕೇಳಲಿ.

1962 ಮತ್ತು 1965ರಲ್ಲಿ ಸಮವಸ್ತ್ರ ತೊಟ್ಟವರು ಇಂದು ಎಂಬತ್ತು ದಾಟಿದ್ದಾರೆ. ಅವರ ಮಕ್ಕಳು ಅನೇಕರು ಅಮೆರಿಕದಲ್ಲಿ, ಕೆನಡಾದಲ್ಲಿ. ಫ್ಲ್ಯಾಟು ಮಾರುವ ವಾರದಲ್ಲಿ ಬಂದು, ಬೇಕಾದ್ದನ್ನು ಎರಡು ಸೂಟ್‌ಕೇಸಿಗೆ ತುಂಬಿ, ಉಳಿದದ್ದನ್ನು ಕಾವಲುಗಾರನಿಗೆ ಒಪ್ಪಿಸಿ ಹೋಗುವುದು ಅವರ ತಪ್ಪೇನೂ ಅಲ್ಲ, ಪರಿಸ್ಥಿತಿಯೇ ಹಾಗಿದೆ. ಆ ವಾರ ಬರುವ ಮೊದಲು ಕೆಲಸ ಆಗಬೇಕು. ಈ ಬರಹ ಓದಿದವರ ಮನೆಯಲ್ಲಿ ಅಂತಹ ಟೋಪಿಯಿದ್ದರೆ ಇಂದೇ ತೆಗೆದು ನೋಡಿ. ಒಳಪಟ್ಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಶಾಯಿ ಮಾಸಿದ್ದರೆ ಒಂದು ಚೀಟಿಯಲ್ಲಿ ಹೆಸರು, ಪಡೆ, ವರ್ಷ ಬರೆದು ಟೋಪಿಯೊಳಗಿಡಿ. ಸಂಘದ ಪದಾಧಿಕಾರಿಗಳು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳುವರೆಂದು ಆಶಿಸುತ್ತೇನೆ.